ಹುತ್ತದ ಬಳಿ ಕೂತಿದ್ದ ಮಾವ

ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಚಳ್ಳಕೆರೆಯ ಡಾಕ್ಟರು ಹೇಳಿದ ಮೇಲೆ ನಾನೊಂದು ಗೇರ್ ಸೈಕಲ್ ಕೊಂಡೆ. ದಿನಾ ಬೆಳಗ್ಗೆ ಕೊಂಡ್ಲಹಳ್ಳಿಯಿಂದ ಗುಡ್ಡದ ಕಡೆಯ ರಸ್ತೆಯಲ್ಲಿ ಒಂದು ಗಂಟೆ ತುಳಿಯುವುದು, ವಾಪಸ್ಸು ಬಂದು ಸ್ನಾನ ಮಾಡಿ ಶಾಲೆಗೆ ಹೋಗಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವುದು. ಸೈಕಲ್ಲಿನಿಂದ ಸಕ್ಕರೆ ಎಷ್ಟು ಇಳಿಯಿತೋ ಗೊತ್ತಿಲ್ಲ, ಜಂಬ ಮಾತ್ರ ಏರಿತು. ಅದಕ್ಕೆ ಕಾರಣ ದಾರಿಯಲ್ಲಿ ಸಿಗುತ್ತಿದ್ದ ಪ್ರಾಣಿಗಳು. ಒಂದು ದಿನ ನರಿ ಅಡ್ಡ ಬಂತು. ಇನ್ನೊಂದು ದಿನ ಕಾಡುಹಂದಿಯ ಸಂಸಾರವೇ ರಸ್ತೆ ದಾಟುವವರೆಗೆ ಬ್ರೇಕ್ ಹಿಡಿದು ನಿಂತಿದ್ದೆ. ಒಂದು ಉಡವಂತೂ ನನ್ನ ಮುಂದಿನ ಗಾಲಿಯನ್ನು ನೋಡಿ ಬುಸ್ ಎಂದಿತ್ತು. ಸ್ಟಾಫ್ ರೂಮಿನಲ್ಲಿ ಇವನ್ನೆಲ್ಲ ಹೇಳುವಾಗ ನರಿ ಸ್ವಲ್ಪ ಉದ್ದವಾಗುತ್ತಿತ್ತು, ಹಂದಿಗೆ ಕೋರೆ ಬೆಳೆಯುತ್ತಿತ್ತು. ನಾನೇನು ಸುಳ್ಳು ಹೇಳುವವನಲ್ಲ. ಹೇಳುವಾಗ ಹಾಗೆ ಆಗಿಬಿಡುತ್ತದೆ.

ದೀಪಾವಳಿಗೆ ಮನೆ ತುಂಬ ನೆಂಟರಿದ್ದರು. ಪಂಕ್ತಿಯಲ್ಲಿ ಕೂತು ಉಣ್ಣುತ್ತಾ ನಾನು ತೋಳದ ಕಥೆ ಶುರು ಮಾಡಿದೆ. ಬೂದು ಬಣ್ಣ, ಕೆಂಡದ ಕಣ್ಣು, ಸೈಕಲ್ ಪಕ್ಕದಲ್ಲೇ ಓಡಿಕೊಂಡು ಬಂತು, ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ಹೆದರಿ ಓಡಿತು ಎಂದೆ. ನನ್ನ ಷಡ್ಡಕ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಎದುರಿನ ಎಲೆಯಲ್ಲಿ ನಮ್ಮ ಮಾವ, ಅಂದರೆ ನನ್ನ ಹೆಂಡತಿಯ ಅಪ್ಪ ಕೂತಿದ್ದರು. ಹುಟ್ಟಿದಾಗಿನಿಂದ ಕುರಿ ಕಾದವರು. ಅವರು ತಲೆ ಎತ್ತದೆ ಹೇಳಿದರು: "ಅದು ತೋಳ ಅಲ್ಲ ಅಳಿಯಾ, ನಮ್ಮ ಮಂದೆ ನಾಯಿ. ಅವತ್ತು ನಿನ್ನ ಸೈಕಲ್ ನೋಡಿ ಹೆದರ್ಕೊಂಡು ಬಂದು ಎರಡು ದಿನ ಕೂಳು ಮುಟ್ಟಲಿಲ್ಲ."

ಇಡೀ ಪಂಕ್ತಿ ನಕ್ಕಿತು. ಬಡಿಸುತ್ತಿದ್ದ ನನ್ನ ಹೆಂಡತಿಯೂ ನಕ್ಕಳು. ನನಗೆ ಮೈ ಉರಿದುಹೋಯಿತು. "ಕುರಿ ಬಾಲ ಹಿಡ್ಕೊಂಡು ತಿರುಗೋರಿಗೆ ಎಲ್ಲಾ ನಾಯಿಯಂಗೇ ಕಾಣ್ತೈತೆ" ಎಂದುಬಿಟ್ಟೆ.

ನಗು ನಿಂತಿತು. ಮಾವ ಬಾಯಲ್ಲಿದ್ದ ತುತ್ತು ನುಂಗಿ, ಎಲೆ ಮಡಚಿ, ಕೈ ತೊಳೆದು, "ಬರ್ತೀನಿ ಮೇಷ್ಟ್ರೇ" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಹದಿನೆಂಟು ವರ್ಷದಿಂದ ಅಳಿಯನಾಗಿದ್ದವನು ಒಂದು ಮಾತಿನಲ್ಲಿ ಮೇಷ್ಟ್ರಾದೆ.

ಆಮೇಲೆ ಅವರು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ನನ್ನವಳು ಜಗಳವಾಡಿದ್ದರೆ ಚೆನ್ನಾಗಿತ್ತು; ಅವಳು ಆಡಲಿಲ್ಲ. ಸಂಕ್ರಾಂತಿಗೆ ಹದಿನೈದು ದಿನ ಇದೆ ಎನ್ನುವಾಗ ಒಂದೇ ಮಾತು ಹೇಳಿದಳು: "ಹಬ್ಬದ ದಿನ ನಮ್ಮಪ್ಪ ಬಂದು ಉಂಡ್ರೆ ಹೋಳಿಗೆ, ಇಲ್ಲಾಂದ್ರೆ ನಿಮ್ಮ ಗೋಧಿ ನುಚ್ಚು." ಮಾವನ ಮಂದೆ ಗುಡ್ಡದ ರಸ್ತೆಯಲ್ಲೇ, ಶೇಂಗಾ ಕಿತ್ತ ಒಂದು ಹೊಲದಲ್ಲಿದೆ ಎಂದೂ ಹೇಳಿದಳು. ನಮ್ಮ ಕಡೆ ಬೆಳೆ ತೆಗೆದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ರಾತ್ರಿಯೆಲ್ಲ ಕುರಿ ತರುಬಿಸಿ ನಿಲ್ಲಿಸುತ್ತಾರೆ; ಮಂದೆಯವರೂ ಅಲ್ಲೇ ಬಯಲಿನಲ್ಲಿ ಮಲಗುತ್ತಾರೆ. ನನಗೆ ಹೋಳಿಗೆಯ ಚಿಂತೆಯಿರಲಿಲ್ಲ. ಉಣ್ಣುವ ಹಿರಿಯರನ್ನು ಎಲೆಯ ಮುಂದಿನಿಂದ ಎಬ್ಬಿಸಿದವನು ನಾನು ಎಂಬ ನಾಚಿಕೆ ಎರಡು ತಿಂಗಳಿನಿಂದ ಒಳಗೇ ಕೊರೆಯುತ್ತಿತ್ತು.

ಮಾರನೆಯ ಬೆಳಗ್ಗೆ ಮಂಜು ಕವಿದಿತ್ತು. ಕನ್ನಡಕಕ್ಕೆ ಹಬೆ ಹಿಡಿಯುತ್ತದೆಂದು ತೆಗೆದು ಜೇಬಿಗೆ ಹಾಕಿಕೊಂಡು, ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಳ್ಳುತ್ತಾ ತುಳಿದೆ. ಗುಡ್ಡದ ತಿರುವು ದಾಟಿದರೆ, ರಸ್ತೆಗೆ ಹತ್ತು ಮಾರು ದೂರದಲ್ಲಿ, ಹುತ್ತದ ಪಕ್ಕ, ಕರಿ ಕಂಬಳಿ ತಲೆ ಮೇಲಿಂದ ಹೊದ್ದು ನನಗೆ ಬೆನ್ನು ಮಾಡಿ ಮಾವ ಕೂತಿದ್ದಾರೆ. ಬೆನ್ನು ಮಾಡಿದ್ದು ನೋಡಿ ಒಳ್ಳೆಯದೇ ಆಯಿತು ಎಂದುಕೊಂಡೆ. ಮುಖ ನೋಡಿ ಹೇಳುವ ಧೈರ್ಯ ನನಗೆಲ್ಲಿತ್ತು?

ಸೈಕಲ್ ಇಳಿದು, ತಳ್ಳಿಕೊಂಡು ಹತ್ತಿರ ಹೋಗಿ ನಿಂತೆ. "ಮಾವ, ನಾನು" ಎಂದೆ. ಅವರು ಅಲುಗಲಿಲ್ಲ. "ಅವತ್ತು ನಾನು ಹಂಗೆ ಅನ್ನಬಾರ್ದಿತ್ತು. ಕುರಿ ಕಾಯ್ಕೊಂಡೇ ನೀವು ಮಗಳನ್ನ ಓದಿಸಿದ್ರಿ, ನಂಗೆ ಕೊಟ್ರಿ. ನಂಗೆ ಸೊಕ್ಕು ಬಂದಿತ್ತು." ಆಗ ಸೊರ್ ಸೊರ್ ಎಂದು ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು. ಮಾವ ಅಳುತ್ತಿದ್ದಾರೆ! ಆ ಗಟ್ಟಿ ಜೀವವನ್ನು ಅಳಿಸಿಬಿಟ್ಟೆನಲ್ಲ ಎಂದುಕೊಂಡೆ. "ನೀವು ಹೇಳಿದ್ದೇ ಖರೆ ಮಾವ, ಅದು ನಾಯಿನೇ" ಎಂದೆ. ಇನ್ನೂ ಜೋರಾಗಿ ಸೊರ್ ಎಂದಿತು. ಗಾಳಿ ಅವರ ಕಡೆಯಿಂದ ಬೀಸುತ್ತಿತ್ತು. ತೊಯ್ದ ಉಣ್ಣೆಯಂಥ ಗಾಢವಾದ ವಾಸನೆ. ಮುದುಕರು, ಬಯಲಿನಲ್ಲಿ ಮಲಗುವವರು, ಕಂಬಳಿ ಒಗೆದು ಎಷ್ಟು ದಿನವಾಯಿತೋ ಎಂದು ಮರುಕವಾಯಿತು. ಕೈ ಮುಗಿದು, "ಹಬ್ಬಕ್ಕೆ ಮನೆಗೆ ಬರ್ರಿ, ಬಿಸಿನೀರು ಕಾಯಿಸ್ತೀವಿ" ಎಂದೆ.

ಮಾವ ತಿರುಗಿದರು. ಮೂತಿ ಉದ್ದವಿತ್ತು. ಅದರ ತುಂಬ ಹುತ್ತದ ಮಣ್ಣು, ಗೆದ್ದಲು.

ಕರಡಿ ಗೆದ್ದಲನ್ನು ಹೀರುವಾಗ ದೊಡ್ಡ ಸದ್ದು ಮಾಡುತ್ತದೆ ಎಂದು ಎಷ್ಟೋ ಬ್ಯಾಚಿಗೆ ಪಾಠ ಮಾಡಿದವನು ನಾನು. ಬೋರ್ಡಿನ ಮೇಲೆ ಅದರ ಚಿತ್ರ ಬರೆದು ಎದೆಯ ಬಿಳಿ ಗುರುತನ್ನೂ ತೋರಿಸಿದ್ದೇನೆ. ಈಗ ಅದು ಎದ್ದು ನಿಂತು ಆ ಗುರುತನ್ನು ನನಗೇ ತೋರಿಸಿತು. ಹಫ್ ಎಂದು ಒಂದು ಉಸಿರು ಬಿಟ್ಟಿತು. ಆಮೇಲೆ ಅದು ಏನು ಮಾಡಿತೋ ನಾನು ನೋಡಲಿಲ್ಲ, ಓಡುತ್ತಿದ್ದೆ.

ಎರಡು ಹೊಲ ದಾಟಿದ ಮೇಲೆ ಕುರಿಗಳು ಕಂಡವು. ಬೆಂಕಿಯ ಮುಂದೆ ನಿಜವಾದ ಮಾವ ಕೂತಿದ್ದರು. ಅವರು ನನ್ನನ್ನೂ ಸೈಕಲ್ಲನ್ನೂ ಮೇಲಿಂದ ಕೆಳಗೆ ನೋಡಿ, ಎರಡು ತಿಂಗಳ ಮೌನ ಮುರಿದು ಕೇಳಿದರು: "ಯಾಕ್ ಮೇಷ್ಟ್ರೇ, ಪಂಚರ್ರಾ?"

ಆಗ ಗೊತ್ತಾಯಿತು, ಹತ್ತಿ ತುಳಿಯುವುದನ್ನೇ ಮರೆತು ಅಷ್ಟು ದೂರ ಸೈಕಲ್ಲನ್ನು ತಳ್ಳಿಕೊಂಡು ಓಡಿ ಬಂದಿದ್ದೆ.

"ಕರಡಿ" ಎಂದೆ.

"ಹುತ್ತದ ತಾವ ಇರೋದಾ? ಮೂರು ದಿನದಿಂದ ಬರ್ತೈತೆ. ಸುಮ್ನೆ ಹೋದ್ರೆ ಏನೂ ಮಾಡಲ್ಲ. ನೀವ್ಯಾಕೆ ಅಲ್ಲಿ ನಿಂತ್ರಿ?"

"ನೀವು ಅಂದ್ಕೊಂಡೆ."

ಮಾವ ಬೆಂಕಿ ಕೆದಕಿದರು. "ನಾನು ಅಂದ್ಕೊಂಡು ಏನು ಮಾತಾಡಿದ್ರಿ ಅದರ ಕೂಡ?"

ಸುಳ್ಳು ಹೇಳಲು ಉಸಿರೂ ಇರಲಿಲ್ಲ. ಎಲ್ಲ ಹೇಳಿದೆ, ಬಿಸಿನೀರಿನವರೆಗೆ. ಮಾವ "ದೇವುಡಾ!" ಎಂದು ತೆಲುಗಿಗೆ ತಿರುಗಿದರು, ಸಿಟ್ಟು ಬಂದರೂ ನಗು ಬಂದರೂ ಅವರ ಬಾಯಿಗೆ ತೆಲುಗೇ ಬರುವುದು. ಕಂಬಳಿ ಜಾರಿ ಬೀಳುವಷ್ಟು ನಕ್ಕರು. ಕುರಿಗಳು ಗಾಬರಿಯಾಗಿ ಎದ್ದು ನಿಂತವು. ಆ ನಾಯಿ, ನನ್ನ ತೋಳ, ದೂರದಿಂದಲೇ ಸೈಕಲ್ ನೋಡಿ ಬಾಲ ಮುದುರಿಕೊಂಡಿತು.

ನಕ್ಕು ಮುಗಿದ ಮೇಲೆ ಮಾವ ಕಣ್ಣೊರೆಸಿಕೊಂಡು, "ಕರಡಿಗೆ ಹೇಳಿದ್ದು ನಂಗೆ ಹೆಂಗೆ ಮುಟ್ತೈತೆ? ನಂಗೂ ಹೇಳ್ರಿ" ಎಂದರು.

ಮುಖ ನೋಡಿದರೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. "ತಪ್ಪಾತು ಮಾವ" ಎಂದಷ್ಟೇ ಬಂತು. ಅವರು ಲೋಟಕ್ಕೆ ಟೀ ಬಗ್ಗಿಸಿ ಕೊಟ್ಟರು. ಹಬ್ಬಕ್ಕೆ ಬರುತ್ತೀರಾ ಎಂದು ಕೇಳಿದರೆ, "ನೋಡಾನ, ಕುರಿ ಯಾರು ನೋಡ್ಕೊಂತಾರೆ" ಎಂದರು. ಪರಶುರಾಂಪುರದ ಕಡೆ ಯಾರೋ ಹೊಲಕ್ಕೆ ಕರೆದಿದ್ದರಂತೆ. ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ ಮಂದೆ ಎಬ್ಬಿಸಿಕೊಂಡು, ಹುತ್ತಕ್ಕೆ ಬೆನ್ನು ಹಾಕಿ ಹೊರಟೇಹೋದರು.

ಸಂಕ್ರಾಂತಿಯ ಮಧ್ಯಾಹ್ನ ಊಟದ ಹೊತ್ತಿಗೆ ಬಸ್ಸಿಳಿದು ಬಂದರು. ನನ್ನವಳು ಮುಖ ಆ ಕಡೆ ತಿರುಗಿಸಿಕೊಂಡು ಹೋಳಿಗೆ ತಟ್ಟಲು ಕೂತಳು. ಪಂಕ್ತಿ ಹಾಕಿದ್ದಾಯಿತು. ಮಾವ ಅದೇ ಎದುರಿನ ಎಲೆಗೆ ಕೂತರು. ನಾನು ಬಾಯಿ ಬಿಡಬಾರದೆಂದು ತೀರ್ಮಾನಿಸಿದ್ದೆ. ಆದರೆ ಷಡ್ಡಕನಿಗೆ ನನ್ನ ಹೆಂಡತಿಯಿಂದ ಅರ್ಧ ಕಥೆ ಗೊತ್ತಾಗಿತ್ತು.

"ಏನೋ ಕರಡಿ ನೋಡಿದ್ರಂತೆ? ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರಾ?" ಎಂದ. "ಅದೂ ಯಾರ ಮನೆ ನಾಯಿನೋ ವಿಚಾರಿಸ್ರಿ."

ಎಲ್ಲರೂ ನಗಲು ತಯಾರಾಗಿ ಮಾವನ ಕಡೆ ನೋಡಿದರು. ನಾನು ಎಲೆ ನೋಡಿಕೊಂಡು ಕೂತೆ. ಕೈ ಮುಗಿದದ್ದು, ಬಿಸಿನೀರು, ಎಲ್ಲ ಈಗ ಹೊರಗೆ ಬರುತ್ತದೆ, ಬರಲಿ, ನನಗದು ಆಗಬೇಕಾದದ್ದೇ ಎಂದುಕೊಂಡೆ.

ಮಾವ ಬಾಯಲ್ಲಿದ್ದ ತುತ್ತು ನುಂಗಿದರು.

"ಕರಡೀನೇ" ಎಂದರು. "ಅಂಥದ್ದರ ಮುಂದೆ ಅಷ್ಟು ಹೊತ್ತು ನಿಲ್ಲೋಕೆ ಗುಂಡಿಗೆ ಬೇಕು. ಅದರ ಹೆಜ್ಜೆ ಗುರುತು ನಾನೇ ಹೋಗಿ ನೋಡೀನಿ."

ಅವರು ಹುತ್ತದ ಕಡೆ ಹೋಗಿರಲೇ ಇಲ್ಲ. ಷಡ್ಡಕ ಪಲ್ಯಕ್ಕೆ ಕೈ ಹಾಕಿದ. ಮಾವ ಹೋಳಿಗೆ ಮುರಿಯುತ್ತಾ, ತಲೆ ಎತ್ತದೆ ಮಗಳಿಗೆ ಹೇಳಿದರು: "ಅಳಿಯಗೆ ತುಪ್ಪ ಹಾಕವ್ವಾ, ಒಣಾದ್ದು ತಿಂತಾ ಐದಾನೆ."