ಅಲಗಿನ ಮೇಲಿನ ಉಸಿರು

ಅಡಿಗೆಮನೆಯ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿ ಅರ್ಧ ಮುಗಿದಿತ್ತು, ಅರ್ಧ ಉಳಿದಿತ್ತು. ಆಗ ಫೋನ್ ಬಂತು...

ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು. ನಾನು ವಿಭೂತಿ ಹಚ್ಚಿಕೊಳ್ಳದೆ ಒಲೆ ಹೊತ್ತಿಸುವವಳಲ್ಲ. ಆ ವಿಭೂತಿ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದು ಮಾತನ್ನೂ ನಾನು ಕಟ್ಟಿಲ್ಲ. ದಾಂಡೇಲಿಯ ನಮ್ಮ ಮನೆಯಲ್ಲೇ ನಡೆದದ್ದು, ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ.

ಫೋನ್ ಮಾಡಿದವರು ನನ್ನ ಯಜಮಾನರು. ಪೇಪರ್ ಮಿಲ್ಲಿನಲ್ಲಿ ಅವರ ಕೆಲಸ.

"ಕಾಕಾ ಹಳಿಯಾಳ ಬಸ್ ಸ್ಟ್ಯಾಂಡಿನಾಗ ಬಿದ್ದಾನಂತ. ಎದಿ ಹಿಡಕೊಂಡು ಕುಂತವ ಹಂಗ ಉರುಳಿದನಂತ. ಧಾರವಾಡಕ್ಕ ಒಯ್ಯಾಕತ್ತಾರ, ನಾನೂ ಹೊಂಟೇನಿ. ಅವ್ವಗ ಈಗ ಹೇಳಬ್ಯಾಡ."

ಈರಪ್ಪ ಕಾಕಾ ನಮ್ಮ ಯಜಮಾನರ ತಂದೆಯ ತಮ್ಮ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಮದುವೆಯಾಗಲಿಲ್ಲ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದರು. ವಯಸ್ಸಿನಲ್ಲಿದ್ದಾಗ ಹೊಸ ಯಂತ್ರದ ಕೆಲಸ ಕಲಿಯಲು ಅವರನ್ನು ಜಪಾನಿಗೆ ಕಳಿಸಿದ್ದರಂತೆ. ಕೆಲಸ ಕಲಿಸಿದ ಅಲ್ಲಿನ ಮುದುಕ ಒಂದು ದಿನ ತನ್ನ ಮನೆಗೆ ಕರೆದೊಯ್ದು ಗೋಡೆಯ ಮೇಲಿನ ಒಂದು ಆಯುಧ ತೋರಿಸಿದ. ಆಳೆತ್ತರದ ಕೋಲು, ಅದರ ತುದಿಗೆ ಬಾಗಿದ ಕತ್ತಿ. ನಗಿನಾತ ಎಂದು ಅದರ ಹೆಸರು. ಕಾಕಾ ಅವತ್ತು ಮರುಳಾದವರು ಮತ್ತೆ ಸರಿಹೋಗಲಿಲ್ಲ. ಆ ಮುದುಕ ಸಾಯುವ ಮುಂಚೆ ಅದನ್ನು ಇವರಿಗೇ ಕೊಟ್ಟ. ಆಮೇಲೆ ಒಂದೊಂದಾಗಿ ಇನ್ನೊಂದು ನಗಿನಾತ, ಮೂರು ನೇರ ಭರ್ಚಿಗಳು ಬಂದವು. ಒಂದೊಂದಕ್ಕೂ ಕಾಗದಪತ್ರ ಇಟ್ಟಿದ್ದರು.

ಓಣಿಯವರು ಅವರನ್ನು ಭರ್ಚಿ ಕಾಕಾ ಎನ್ನುತ್ತಿದ್ದರು. ನಮ್ಮ ಅತ್ತೆಯಂತೂ ಬಂದವರ ಎದುರಿಗೇ, "ನಮ್ಮ ಮೈದುನಗ ಐದು ಮಂದಿ ಹೆಂಡಂದಿರು ನೋಡ್ರಿ. ಎಲ್ಲಾರ್ನೂ ಗ್ವಾಡಿಗೆ ಮಲಗಿಸ್ಯಾನ!" ಎಂದು ನಗುತ್ತಿದ್ದರು.

ಕಾಕಾ ಸಿಟ್ಟಾಗುತ್ತಿರಲಿಲ್ಲ. "ಹೌದ್ರಿ ವೈನಿ. ಐವರೂ ಬಾಯಿ ಮಾಡಂಗಿಲ್ಲ. ನನ್ನ ಪುಣ್ಯಾ."

ದಾಂಡೇಲಿಯ ಚಳಿಗಾಲ ಗೊತ್ತಿದ್ದವರಿಗೆ ಗೊತ್ತು. ಹೊಳೆಯ ಕಡೆಯಿಂದ ಮಂಜು ಏರಿ ಬಂದು ಕಿಟಕಿಯ ಸರಳೂ ಒದ್ದೆಯಾಗುತ್ತದೆ. ಅಂಥ ಥಂಡಿಯಲ್ಲಿ ಉಕ್ಕಿಗೆ ತುಕ್ಕು ಹಿಡಿಯಲು ಎಷ್ಟು ಹೊತ್ತು? ಅದಕ್ಕೇ ಕಾಕಾ ತಿಂಗಳಿಗೊಮ್ಮೆ ಎಣ್ಣೆ ಬದಲಿಸುತ್ತಿದ್ದರು. ಅವರ ಕೈ ನಡುಗಲು ಶುರುವಾದ ಮೇಲೆ ನನಗೆ ಕಲಿಸಿದರು. ಬಾಯಲ್ಲಿ ಮಡಚಿದ ಹಾಳೆ ಕಚ್ಚಿಕೊಳ್ಳಬೇಕು. ಉಸಿರಾಗಲಿ ಎಂಜಲಾಗಲಿ ಅಲಗಿಗೆ ತಾಗಬಾರದು. ಹಳೆಯ ಎಣ್ಣೆ ಒರೆಸಬೇಕು. ಬಿಳಿ ಪುಡಿಯ ಪುಟ್ಟ ಗಂಟಿನಿಂದ ಮೆಲ್ಲಗೆ ತಟ್ಟಿ, ಮತ್ತೆ ಒರೆಸಿ, ಲವಂಗದ ವಾಸನೆಯ ಹೊಸ ಎಣ್ಣೆ ಸವರಬೇಕು. ಬರಿಗೈ ತಾಗಿಸಬಾರದು. ಮಾತಂತೂ ಆಡಲೇಬಾರದು.

ಎಲ್ಲ ಕಲಿತಿದ್ದೆ. ಆದರೆ ಒಂದು ತಪ್ಪು ಮಾಡಿದ್ದೆ.

ಹಿಂದಿನ ದಸರೆಯ ಖಂಡೇಪೂಜೆಯ ದಿನ ಕಾಕಾ ಊರಲ್ಲಿರಲಿಲ್ಲ. ಮನೆಯ ಕುಡುಗೋಲು, ಇಳಿಗೆ, ಯಜಮಾನರ ಬೋಲ್ಟು ಬಿಚ್ಚುವ ಪಾನಾ ಎಲ್ಲ ತೊಳೆದು ಪೂಜೆಗಿಟ್ಟೆ. ಇಷ್ಟು ದೊಡ್ಡ ಆಯುಧಗಳನ್ನು ಬಿಡುವುದು ಹೇಗೆ ಎನ್ನಿಸಿತು. ಮೊದಲನೆಯ ನಗಿನಾತದ ಬಿದಿರಿನ ಮೊಳೆ ತೆಗೆದು, ಅವರು ಮಾಡುವಂತೆಯೇ ಅಲಗನ್ನು ಹಿಡಿಕೆಯಿಂದ ಬಿಡಿಸಿದೆ. ಒಳಗಿದ್ದ ಭಾಗ ಇದ್ದಿಲಿನಂತೆ ಕಪ್ಪಾಗಿತ್ತು. ಮೇಲೆ ಆ ದೇಶದ ಅಕ್ಷರಗಳು. ಕೊಳೆ ಎಂದುಕೊಂಡೆ. ಹುಣಸೆಹಣ್ಣು ಹಚ್ಚಿ, ದೇವರ ದೀಪದ ಸಮೆ ತಿಕ್ಕುವಂತೆ ಬೆಳ್ಳಗಾಗುವವರೆಗೆ ತಿಕ್ಕಿದೆ. ವಿಭೂತಿ ಹಚ್ಚಿ, ಕೈಮುಗಿದು, ಒರೆಸಿ, ಮತ್ತೆ ಹಿಡಿಕೆಯೊಳಗೆ ಸೇರಿಸಿಟ್ಟೆ.

ಅದಾಗಿ ಎಂಟು ದಿನಕ್ಕೆ ಕಾಕಾ ಚಹಾ ಕುಡಿಯುತ್ತ ತಾವಾಗಿಯೇ ಹೇಳಿದರು. "ಒಳಗಿನ ಕಪ್ಪು ಐತಲ್ಲ ಸುವರ್ಣಾ, ಅದು ಹೊಲಸಲ್ಲ. ಅದರ ವಯಸ್ಸು. ನೂರಾರು ವರ್ಷ ಒಬ್ಬರಾದ ಮ್ಯಾಲ ಒಬ್ಬರು ಕಾಯ್ಕೊಂಡ ಬಂದಾರ. ಅದನ್ನ ಒರೆಸಿದವ ಅದರ ಆಯುಷ್ಯ ಒರೆಸಿದಂಗ."

ಚಹಾದ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಎರಡು ತಿಂಗಳು ಕಳೆಯಿತು. ಸಂಕ್ರಮಣದ ಹೊತ್ತಿಗೆ ಅವರು ವರ್ಷಕ್ಕೊಮ್ಮೆ ಮೊಳೆ ತೆಗೆದು ಆ ಅಕ್ಷರ ನೋಡುತ್ತಿದ್ದರು. ಅಷ್ಟರೊಳಗೆ ಹೇಳಿಬಿಡಬೇಕು ಎಂದುಕೊಂಡಿದ್ದೆ. ಈಗ ಕಾಕಾ ಧಾರವಾಡದ ದವಾಖಾನೆಯಲ್ಲಿ...

ದೀಪ ಹಚ್ಚುವ ಹೊತ್ತಿಗೆ ಯಜಮಾನರು ಮತ್ತೆ ಫೋನ್ ಮಾಡಿದರು. "ಎಚ್ಚರ ಐತಿ. ಆದ್ರ ಡಾಕ್ಟರ್ ಏನೂ ಭರವಸಾ ಕೊಡವಲ್ಲರು. ಇವಗ ಅದರ ಚಿಂತಿ ಇಲ್ಲ. ಇವತ್ತ ಎಣ್ಣಿ ಬದಲಿಸೂ ದಿನ ಅಂತ, ಸುವರ್ಣಾಗ ಹೇಳು, ಹೇಳು ಅನ್ನಾಕತ್ತಾನ."

"ಮಾಡ್ತೇನಿ ಅಂತ ಹೇಳ್ರಿ," ಎಂದೆ. ಕಾಕಾ ಬದುಕಿರುವಾಗಲೇ ಸತ್ಯ ಹೇಳುವ ಅವಕಾಶ ಕೊಡಪ್ಪಾ ಎಂದು ಉಳವಿಯ ಚನ್ನಬಸವಣ್ಣನಿಗೆ ಹರಕೆ ಹೊತ್ತೆ. ಅತ್ತೆಗೆ ಊಟ ಬಡಿಸಿ ಮಲಗಿಸಿದೆ. ಕಾಕಾ ಹಳಿಯಾಳದಲ್ಲಿ ಗೆಳೆಯನ ಮನೆಯಲ್ಲಿ ಉಳಿದಿದ್ದಾರೆ ಎಂದೇ ಅವರು ತಿಳಿದಿದ್ದರು.

ಮುಂದಿನ ಕೋಣೆಯ ಬಾಗಿಲು ತೆಗೆದೆ. ಲವಂಗದ ವಾಸನೆ ಗಮ್ಮೆಂದಿತು... ಎಣ್ಣೆಯ ಬಾಟಲಿ ಇನ್ನೂ ಪೆಟ್ಟಿಗೆಯಲ್ಲೇ ಇತ್ತು.

ಕರೆಂಟ್ ಹೋಗಿರಲಿಲ್ಲ, ಅದೊಂದು ಪುಣ್ಯ. ಚಾಪೆ ಹಾಸಿ, ಹಾಳೆ ಕಚ್ಚಿಕೊಂಡು ಕೂತೆ. ಭರ್ಚಿಗಳು ಮುಗಿದವು. ಎರಡನೆಯ ನಗಿನಾತವೂ ಮುಗಿಯಿತು. ಕಡೆಗೆ ಮೊದಲನೆಯದನ್ನು ಇಳಿಸಿ, ಮರದ ಒರೆ ಸರಿಸಿ, ಎರಡು ಮಣೆಗಳ ಮೇಲೆ ಅಡ್ಡಲಾಗಿ ಮಲಗಿಸಿದೆ. ಹಳೆಯ ಎಣ್ಣೆ ಒರೆಸಿದೆ. ಪುಡಿ ತಟ್ಟಿ ಮತ್ತೆ ಒರೆಸಿದೆ. ಅಲಗು ಕನ್ನಡಿಯಂತಾಯಿತು.

ಆಗ ಹಿಡಿಕೆಯ ಹತ್ತಿರ, ಅಲಗಿನ ಮೇಲೆ, ಒಂದು ರೂಪಾಯಿಯಗಲ ಮಂಜು ಕೂತಿತು.

ಒರೆಸಲು ಬಟ್ಟೆ ಎತ್ತಿದೆ. ಅಷ್ಟರಲ್ಲಿ ಅದು ತಾನಾಗಿಯೇ ಅಂಚಿನಿಂದ ಕರಗಿ ಮಾಯವಾಯಿತು. ಮತ್ತೆ ಅದೇ ಜಾಗದಲ್ಲಿ ಬಂತು... ಹೋಯಿತು... ಬಂತು...

ಮಕ್ಕಳು ಕನ್ನಡಿಗೆ ಬಾಯಿ ಹತ್ತಿರ ತಂದು ಹಾ ಎನ್ನುತ್ತಾರಲ್ಲ, ಹಾಗೆ.

ನನ್ನ ಉಸಿರೇ ಇರಬೇಕು ಎಂದು ಮೂಗು ಹಿಡಿದುಕೊಂಡೆ. ಬಾಯಲ್ಲಿ ಹಾಳೆ ಇತ್ತು. ಎದೆ ಬಿಗಿಯುವವರೆಗೆ ತಡೆದೆ. ಮಂಜು ಬರುತ್ತಲೇ ಇತ್ತು, ಹೋಗುತ್ತಲೇ ಇತ್ತು. ಮಣೆಯ ಆಚೆ ಬದಿಯಲ್ಲಿ, ಕಾಕಾ ಯಾವಾಗಲೂ ಕಾಲು ಮಡಚಿ ಕೂರುತ್ತಿದ್ದ ಜಾಗದಲ್ಲಿ, ಯಾರೋ ಬಗ್ಗಿ ಅಲಗಿನ ಬುಡವನ್ನೇ ನೋಡುತ್ತಿದ್ದಂತೆ...

ಒಳಗಿನಿಂದ ಅತ್ತೆಯ ನಿದ್ದೆಗಣ್ಣಿನ ಧ್ವನಿ. "ಸುವರ್ಣಾ... ಈರಪ್ಪ ಬಂದನೇನ? ಕೆಮ್ಮಿದಂಗಾತು..."

ನಾನು ಹಾಳೆ ಕಚ್ಚಿಕೊಂಡೇ ಇದ್ದೆ. ನನಗೆ ಕೆಮ್ಮು ಕೇಳಿಸಿರಲಿಲ್ಲ.

"ಬಂದಿದ್ರ ಊಟಕ್ಕ ಹಾಕವಾ ಅವಗ," ಎಂದು ಅತ್ತೆ ಮಗ್ಗಲು ಬದಲಿಸಿದರು.

ಮಂಜು ಸಣ್ಣದಾಗತೊಡಗಿತು. ಒಂದು ಬಂದ ಮೇಲೆ ಇನ್ನೊಂದು ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಆಮೇಲೆ ಬೆಂಕಿಕಡ್ಡಿಯ ತಲೆಯಷ್ಟು. ಆಮೇಲೆ... ಬರಲಿಲ್ಲ. ಅಲಗು ಬರಿದಾಗಿ ಹೊಳೆಯುತ್ತಿತ್ತು.

ನನಗೆ ಏನು ಹೊಳೆಯಿತೋ! ಹಾಳೆ ಉಗುಳಿದೆ. ಆಡಬಾರದ ಜಾಗದಲ್ಲಿ ಮಾತಾಡಿದೆ.

"ಕಾಕಾರ, ತಪ್ಪಾತ್ರಿ! ನಾನ ತಿಕ್ಕೇನ್ರಿ. ಹುಣಸಿಹಣ್ಣ ಹಚ್ಚಿ ನಾನ ತಿಕ್ಕೇನಿ. ಹೊಲಸಂತ ತಿಳದಿದ್ದೆ. ಪೂಜಾಕ್ಕಂತ ಮಾಡಿದ್ದು. ಬೈರ್ರಿ, ಆದ್ರ ಹಿಂಗ ಹೋಗಬ್ಯಾಡ್ರಿ..."

ಹೊರಗೆ ಹೆಂಚಿನಿಂದ ಮಂಜಿನ ಹನಿ ಬೀಳುವುದು ಕೇಳಿಸುತ್ತಿತ್ತು.

ಆಮೇಲೆ ಬಂತು. ಒಂದೇ ಒಂದು. ಹಿಡಿಕೆಯ ಬುಡದಿಂದ ತುದಿಯವರೆಗೆ ಇಡೀ ಅಲಗು ಬೆಳ್ಳಗೆ ಮಸುಕಾಯಿತು. ಯಾರೋ ಬಹಳ ದಿನ ಹಿಡಿದಿಟ್ಟ ಉಸಿರನ್ನು ಒಮ್ಮೆಲೇ ಬಿಟ್ಟಂತೆ. ಮೆಲ್ಲಗೆ, ಬಹಳ ಮೆಲ್ಲಗೆ ಅದು ಆರಿತು. ಅದೇ ಹೊತ್ತಿಗೆ ಮಿಲ್ಲಿನ ರಾತ್ರಿ ಪಾಳಿಯ ಭೋಂಗಾ ಕೂಗಿತು.

ಹೇಗೆ ಎಣ್ಣೆ ಸವರಿದೆನೋ, ಹೇಗೆ ಒರೆ ಹಾಕಿದೆನೋ... ಕೈ ಕೊಯ್ದುಕೊಳ್ಳಲಿಲ್ಲ ಎಂಬುದೇ ಬಸವಣ್ಣನ ದಯೆ.

ಬೆಳಗಿನ ಜಾವ ಯಜಮಾನರು ಬಂದರು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತರು.

"ಕಾಕಾ ಹೋದ. ರಾತ್ರಿ ಪಾಳಿ ಶುರುವಾಗೂ ಹೊತ್ತಿಗೆ."

ನಾನು ಮುಂದಿನ ಕೋಣೆಯ ಬಾಗಿಲ ಕಡೆ ತಿರುಗಿದೆ.

"ಕಡಿಗೆ ಉಸಿರ ನಿಂತ ಹೋಗಿತ್ತು. ಡಾಕ್ಟರ್ ಮುಗೀತು ಅಂದ್ರು. ಆಮ್ಯಾಲ ಒಮ್ಮೆ ಕಣ್ಣ ಬಿಟ್ಟ, ಮೂಗಿನ ಮಾಸ್ಕ್ ತಾನ ಸರಿಸಿದ. ಚೊಲೋತ್ನಂಗ ಮಾತಾಡಿದ ನೋಡು." ಅವರ ಧ್ವನಿ ತಗ್ಗಿತು. "'ಕಪ್ಪು ಮತ್ತ ಬರತೈತಿ ಅಂತ ಸುವರ್ಣಾಗ ಹೇಳು. ಭಾಳ ವರ್ಷ ಬೇಕು. ನಾ ಕಾಯ್ಕೊಂತ ಕುಂತಿರ್ತೇನಿ' ಅಂದ. ಅಷ್ಟ. ಏನದು ಕಪ್ಪು?"

ಹುಣಸೆಹಣ್ಣಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಯಜಮಾನರಿಗೂ ಇಲ್ಲ. ಅವತ್ತೂ ಹೇಳಲಾಗಲಿಲ್ಲ. ಇದನ್ನು ಓದಿದರೆ ಅವರಿಗೆ ಈಗಲೇ ಗೊತ್ತಾಗುವುದು.

ಕಾಕಾರನ್ನು ಮಣ್ಣು ಮಾಡಿ ಬಂದೆವು. ಅತ್ತೆ ಅವರ ಬಗ್ಗೆ ತಮಾಷೆ ಮಾಡುವುದನ್ನು ಬಿಟ್ಟರು. ಆಯುಧಗಳನ್ನು ಯಾವುದಾದರೂ ಮ್ಯೂಸಿಯಮ್ಮಿಗೆ ಕೊಟ್ಟುಬಿಡೋಣ ಎಂದು ಯಜಮಾನರು ಆಗಾಗ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ಕೇಳಿದರೆ ಕಾರಣ ಹೇಳುವುದಿಲ್ಲ. ಕಾಯುತ್ತ ಕೂತವರನ್ನು ಇನ್ನೊಬ್ಬರ ಮನೆಗೆ ಹೇಗೆ ಕಳಿಸುವುದು?

ಅವರು ಕ್ಷಮಿಸಿ ಹೋದರು ಎಂದುಕೊಂಡರೆ ಸಮಾಧಾನವಾಗುತ್ತದೆ. ಆದರೆ ಹೋದರೇ?

ಇವತ್ತೂ ಎಣ್ಣೆ ಬದಲಿಸುವ ದಿನವಾಗಿತ್ತು. ಈಗ ಹಗಲಲ್ಲೇ, ಬಾಗಿಲು ತೆರೆದಿಟ್ಟು ಮಾಡುತ್ತೇನೆ. ಬಿರುಬಿಸಿಲ ದಿನ, ಥಂಡಿಯ ಸುಳಿವೂ ಇಲ್ಲ. ನಾಲ್ಕರಲ್ಲಿ ಏನೂ ಇರಲಿಲ್ಲ. ಕಡೆಗೆ ಇಳಿಸಿದ ಆ ಮೊದಲ ನಗಿನಾತದ ಬುಡದಲ್ಲಿ ರೂಪಾಯಿಯಗಲ ಮಂಜು ಬಂತು, ಹೋಯಿತು... ಬಂತು, ಹೋಯಿತು... ನಾನು ಹಾಳೆ ಕಚ್ಚಿಕೊಂಡು ಕಾದೆ. ಅದು ನಿಂತ ಮೇಲೆ ಎಣ್ಣೆ ಸವರಿ ಗೋಡೆಗೆ ಮಲಗಿಸಿದೆ. ಬಿದಿರಿನ ಮೊಳೆಯನ್ನು ಮಾತ್ರ ಇವತ್ತಿನವರೆಗೂ ಮುಟ್ಟಿಲ್ಲ.

ಹಿತ್ತಲಲ್ಲಿ ದೇವರ ತಾಮ್ರದ ತಂಬಿಗೆ ತಿಕ್ಕುವುದಿತ್ತು. ಏನೂ ಗೊತ್ತಿಲ್ಲದ ಅತ್ತೆ ಅದರ ಪಕ್ಕ ಹುಣಸೆಹಣ್ಣು ನೆನೆಯಿಟ್ಟಿದ್ದರು. ಅದನ್ನು ಗಿಡದ ಬುಡಕ್ಕೆ ಚೆಲ್ಲಿ, ಒಂದು ಹಿಡಿ ಬೂದಿ ತೆಗೆದುಕೊಂಡು ತಿಕ್ಕಲು ಕೂತೆ.