ಹೊರೆ ಹೊತ್ತವರಿಗೆ ದಾರಿ

ಮನುಷ್ಯನ ಯೋಗ್ಯತೆಯನ್ನು ಅವನು ಎದುರು ಬಂದವರಿಗೆ ದಾರಿ ಬಿಡುವ ರೀತಿಯಿಂದ ಅಳೆಯಬೇಕು ಎಂದು ನಮ್ಮ ಹಟ್ಟಿಯ ಹಿರಿಯರು ಹೇಳುತ್ತಿದ್ದರು. ದಾರಿಯ ನಡುಮಧ್ಯದಲ್ಲಿ ನಿಂತೇ ಹೇಳುತ್ತಿದ್ದುದರಿಂದ ನಾವು ಅವರನ್ನು ಸುತ್ತಿಕೊಂಡು ಹೋಗಬೇಕಾಗುತ್ತಿತ್ತು.

ಎಪ್ಪತ್ತರ ದಶಕದ ಶುರುವಿನ ಮಾತು. ಆಗ ತಮಿಳು ಸೀಮೆಯಲ್ಲಿದ್ದ ನಮ್ಮ ಕನ್ನಡದ ಹಟ್ಟಿಯಿಂದ ಕೊಳತ್ತೂರಿಗೆ ಇಳಿಯಲು ಗುಡ್ಡದ ಕಾಲುದಾರಿ ಒಂದೇ ಇದ್ದದ್ದು. ಬೇಸಿಗೆಯಲ್ಲಿ ಅದರುದ್ದಕ್ಕೂ ಕಾದ ಮಣ್ಣಿನ, ಕುರಿ ಹಿಕ್ಕೆಯ, ಕಳಿತ ಕವಳೆ ಹಣ್ಣಿನ ವಾಸನೆ. ಹಣ್ಣಿನ ರಸದಿಂದ ನಮ್ಮ ನಾಲಗೆ, ಅಂಗಿ, ತಮಿಳು ಪಾಠಪುಸ್ತಕ ಮೂರೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು.

ಆ ದಾರಿಗೆ ಸರ್ಕಾರದ ಕಾನೂನು ಇರಲಿಲ್ಲ. ಅದಕ್ಕಿಂತ ಖಡಕ್ಕಾದ ನಮ್ಮಜ್ಜಿ ಇದ್ದಳು. ಗಿಡದ ಎಲ್ಲ ಹಣ್ಣನ್ನೂ ಕಿತ್ತುಕೊಳ್ಳಬಾರದು. ಕೆಳಗಿನ ಕೊಂಬೆ ಹಿಂದೆ ಬರುವವರದು, ಮೇಲಿನದು ಹಕ್ಕಿಯದು. ತಲೆಯ ಮೇಲೆ ಹೊರೆ ಇದ್ದವರಿಗೆ ಬರಿಗೈಯವರು ದಾರಿ ಬಿಡಬೇಕು, ಯಾಕೆಂದರೆ ಗುಡ್ಡದ ಮೇಲೆ ಇಳಿಸಿದ ಹೊರೆಯನ್ನು ಮತ್ತೆ ಎತ್ತಿಕೊಡಲು ಯಾರೂ ಸಿಗುವುದಿಲ್ಲ. ಹೊತ್ತವರನ್ನು ನಿಲ್ಲಿಸಿ ಮಾತಾಡಿಸಲೂಬಾರದು. ಯಾವೂರು, ಎಲ್ಲಿಗೆ ಎಂಬುದನ್ನೆಲ್ಲ ಅವರು ಹೊರೆ ಇಳಿಸಿದ ಮೇಲೆ ಕೇಳಬೇಕು. ಹೊರೆ ಇಳಿಸಲೆಂದೇ ದಾರಿಯ ಕೆಳಗಡೆ ಎದೆಯೆತ್ತರದ ಹೊರೆಗಲ್ಲು ಒಂದಿತ್ತು. ಇನ್ನು ದಾರಿಯಂಚಿನಲ್ಲಿ ಯಾರಾದರೂ ಹಕ್ಕಿಗೂಡು ಕಂಡರೆ, ಒಂದು ಹಸಿರು ಸೊಪ್ಪಿನ ಮೇಲೆ ಕಲ್ಲು ಹೇರಿ ಇಟ್ಟು ಹೋಗಬೇಕು. ಆಮೇಲೆ ಮರಿ ಎದ್ದು ಹೋಗುವವರೆಗೂ ಆ ಪಕ್ಕಕ್ಕೆ ಯಾರೂ ಕಾಲಿಡುವಂತಿಲ್ಲ.

ಆ ಬೇಸಿಗೆಯಲ್ಲಿ ನನ್ನ ಸೋದರತ್ತೆ ಮಾದೇವಿಯನ್ನು ನೋಡಲು ನಂಗವಳ್ಳಿ ಕಡೆಯಿಂದ ಗಂಡಿನವರು ಬರುವುದೆಂದು ನಿಶ್ಚಯವಾಯಿತು. ಹಿಂದೆ ಬಂದ ಎರಡು ಕಡೆಯವರು ಹುಡುಗಿಯ ಬಾಯಿ ಜೋರು ಎಂದು ಎದ್ದು ಹೋಗಿದ್ದರು. ಇದೂ ತಪ್ಪಿದರೆ ಇನ್ನು ಯಾರೂ ಗುಡ್ಡ ಹತ್ತುವುದಿಲ್ಲ ಎಂದು ಅಜ್ಜಿಗೆ ದಿಗಿಲು. ಬರುವುದು ಸಾಯಂಕಾಲದ ಬಸ್ಸಿಗೆ. ಊಟಕ್ಕೆ ಮುದ್ದೆ, ನಾಟಿಕೋಳಿ ಸಾರು. ಕೋಳಿಗೆ ಇನ್ನೂ ವಿಷಯ ತಿಳಿದಿರಲಿಲ್ಲ. ಆದರೆ ಮನೆಯಲ್ಲಿ ರಾಗಿಹಿಟ್ಟು ತಳ ಕಂಡಿತ್ತು. ಅಪ್ಪ ಕುರಿಯ ಹಿಂದೆ ಹೋಗಿದ್ದ, ಅಜ್ಜಿಯ ಮಂಡಿ ಗುಡ್ಡ ಇಳಿಯಲು ಒಪ್ಪುತ್ತಿರಲಿಲ್ಲ. ಹೀಗಾಗಿ ನೋಡಿಸಿಕೊಳ್ಳಬೇಕಾದ ಹೆಣ್ಣೇ ಬೆಳಿಗ್ಗೆ ರಾಗಿ ಮೂಟೆ ಹೊತ್ತು ಕೊಳತ್ತೂರಿನ ಮಿಷಿನ್ನಿಗೆ ಹೊರಟಳು. ಕಾವಲಿಗೆ ನಾನು. ವಯಸ್ಸು ಎಂಟೋ ಒಂಬತ್ತೋ.

ದಾರಿ ತೀರ ಇಕ್ಕಟ್ಟಾಗುವ ಕಡೆ ಎದುರಿಗೆ ಇಬ್ಬರು ಬಂದರು. ಮುಂದಿನವರು ದೊಡ್ಡ ಮೀಸೆಯ ಹಿರಿಯರು, ಕೈಯಲ್ಲಿ ಹೊಸ ಕೊಡೆ. ಹಿಂದೆ ಟೆರಿಲಿನ್ ಶರ್ಟು, ಬಿಳಿ ಪಂಚೆಯ ಒಬ್ಬ ಯುವಕ. ದಾರಿಯ ಒಂದು ಪಕ್ಕ ಮೆತ್ತನೆಯ ಹುಲ್ಲು, ಅದರ ಮುಂದೆ ಕಲ್ಲು ಹೇರಿದ ಸೊಪ್ಪು. ಒಳಗೆ ಗೌಜಲಕ್ಕಿ ಕಾವಿಗೆ ಕೂತಿತ್ತು. ಇನ್ನೊಂದು ಪಕ್ಕ ಸೀಗೆ ಮುಳ್ಳು.

"ಸೈಡ್ ಕೊಡಮ್ಮ," ಎಂದರು ಮೀಸೆಯವರು.

"ಒರೆ ಐತೆ. ನೀವೇ ಜರುಗಿ," ಎಂದಳು ಅತ್ತೆ, ತಲೆಯ ಹೊರೆ ಹಿಡಿದುಕೊಂಡೇ.

"ನನ್ ಕೈಲೂ ಒರೆ ಐತಲ್ಲ!" ಅವರು ಕೊಡೆ ಎತ್ತಿ ತೋರಿಸಿದರು.

"ಕೊಡೆ ಒರೆಯಾದ್ರೆ ಮೀಸೆನೂ ಒರೆನೇ. ಜರುಗಿ ಸಾಮಿ, ಕತ್ತು ನೋಯ್ತದೆ."

ಹಿರಿಯರ ಮುಖ ಕೆಂಪಾಯಿತು. ಹುಲ್ಲಿನ ಕಡೆ ಕಾಲೆತ್ತಿದರು.

"ಅಲ್ಲಿ ಕಾಲಿಡಬ್ಯಾಡಿ! ಸೊಪ್ಪು ಕಾಣಾಕಿಲ್ವಾ? ಅಕ್ಕಿ ಮೊಟ್ಟೆ ಮಡಗೈತೆ."

"ಯಾವೂರಮ್ಮ ನೀನು?"

"ಒರೆ ಒತ್ತೋರ ತಾವ ಊರು ಕೇರಿ ಕೇಳಬಾರ್ದು."

"ಎನ್ನಮ್ಮ ಇದು! ಎಣ್ಣು ನೋಡಾಕೆ ಓಗ್ತಾ ಇರೋರು ನಾವು. ಮಾಪ್ಳೆ ಇವ್ನು, ಗಂಡು. ದಾರಿ ಬುಡು!"

ಸಾಯಂಕಾಲದ ಬಸ್ಸು ಬೆಳಿಗ್ಗೆಯೇ ಬಂದುಬಿಟ್ಟಿತ್ತು! "ಅತ್ತೆ, ಇವ್ರೇ..." ಎನ್ನುವಷ್ಟರಲ್ಲಿ ಅತ್ತೆ ನನ್ನ ಕಾಲು ತುಳಿದಳು. ಅವಳು ಒಮ್ಮೆ ಸೀಗೆಯ ಕಡೆ, ಒಮ್ಮೆ ಸೊಪ್ಪಿನ ಕಡೆ ನೋಡಿದಳು. ಜರುಗಬೇಕೆಂದರೆ ಅವಳಿಗೂ ಇದ್ದದ್ದು ಮುಳ್ಳು ಇಲ್ಲವೇ ಮೊಟ್ಟೆ.

"ಎಣ್ಣು ಎಲ್ಲಿಗೂ ಓಡೋಗಾಕಿಲ್ಲ, ನಿಧಾನಕ್ಕೆ ನೋಡೀರಂತೆ," ಎಂದಳು. "ಈಗ ಜರುಗಿ."

ಆಗ ಟೆರಿಲಿನ್ ಶರ್ಟು, "ದೊಡ್ಡಪ್ಪ, ಒರೆ ಅಲ್ವಾ, ಬುಡಿ," ಎಂದು ತಾನೇ ಮೊದಲು ಸೀಗೆಯೊಳಗೆ ಸರಿಯಿತು. ಪಂಚೆ ಪರ್ರೆಂದಿತು. ದೊಡ್ಡಪ್ಪನವರು ಬೇರೆ ದಾರಿ ಕಾಣದೆ, ಕೊಡೆಯನ್ನು ಗುರಾಣಿಯಂತೆ ಹಿಡಿದು ರಣರಂಗಕ್ಕೆ ಇಳಿದರು. ನಾವು ದಾಟಿದೆವು.

ಹೊರೆಗಲ್ಲಿನ ಮೇಲೆ ಮೂಟೆ ಇಳಿಸಿದ ಮೇಲೆ ನಾನು ಅಳುವ ದನಿಯಲ್ಲಿ, "ಈಗ ಏನ್ ಮಾಡ್ತೀಯ ಅತ್ತೆ?" ಎಂದೆ.

"ಇಟ್ಟು ಬೀಸಿಸ್ಕೊಂಡು ಬತ್ತೀನಿ ಕಣ್ಲಾ. ಮುಳ್ಳಾಗೆ ನಿಂತೋರು, ಒಟ್ಟೆ ಅಸ್ದಿರಾಕಿಲ್ವಾ?" ಎಂದಳು. ಆದರೆ ತಲೆಯ ಸಿಂಬಿಯನ್ನು ಬಿಚ್ಚಿ ಮತ್ತೆ ಮತ್ತೆ ಸುತ್ತಿದಳು.

ನಾವು ಮನೆ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಜಗಲಿಯ ಮೇಲೆ ದೊಡ್ಡಪ್ಪನವರು ಅಜ್ಜಿಗೆ ದಾರಿಯ ಕತೆಯನ್ನು ಎಷ್ಟನೆಯದೋ ಸಲ ಹೇಳುತ್ತಿದ್ದರು. "ಅಂಥ ಬಾಯಿ ನಾನು ಕಂಡೇ ಇಲ್ಲ ಕಣಮ್ಮ! ಯಾವ ಮನೆ ಸೇರ್ತಾಳೋ ಪುಣ್ಯಾತ್ಗಿತ್ತಿ!" ಅಜ್ಜಿಗೆ ಅದು ಯಾರ ಬಾಯಿ ಎಂಬುದು ಮೊದಲ ಮಾತಿಗೇ ಗೊತ್ತಾಗಿ, ಅವಳು ಬುಟ್ಟಿಯಡಿ ಮುಚ್ಚಿಟ್ಟ ಕೋಳಿಯನ್ನೇ ನೋಡುತ್ತ ಕೂತಿದ್ದಳು.

ಅತ್ತೆ ಹಿಟ್ಟಿನ ಮೂಟೆಯೊಡನೆ ಅಂಗಳಕ್ಕೆ ಬಂದಳು. ದೊಡ್ಡಪ್ಪನವರು ಬಾಯಿ ತೆರೆದವರು ತೆರೆದಂತೆಯೇ ಕೂತರು. ಅತ್ತೆ ಮೂಟೆಯನ್ನು ಜಗಲಿಯ ಮೇಲೆ ಇಳಿಸಿ, ತಲೆಯ ಸಿಂಬಿ ತೆಗೆದು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಷ್ಟೂ ಆಗುವವರೆಗೆ ಹುಡುಗ ಕಾದ. ಆಮೇಲೆ ಹರಿದ ಪಂಚೆಯನ್ನು ಮುಚ್ಚಿಕೊಳ್ಳುತ್ತ ಕೇಳಿದ:

"ಒರೆ ಇಳೀತಲ್ಲ, ಈಗ ಕೇಳ್ಬೌದಾ? ಎಲ್ಲಿಗೋಗಿದ್ರಿ?"

"ನಿಮ್ಗೇ ಇಟ್ಟು ತರಾಕೆ," ಎಂದಳು ಅತ್ತೆ. ಅವಳು ತಲೆ ತಗ್ಗಿಸಿ ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದೊಡ್ಡಪ್ಪನವರು ಬಹಳ ಹೊತ್ತು ತಮ್ಮ ತೂತಾದ ಕೊಡೆಯನ್ನು ಪರೀಕ್ಷಿಸಿದರು. ಆಮೇಲೆ, "ಊಟಕ್ಕೆ ಏನಮ್ಮ?" ಎಂದರು. ಅದು ಸಂಧಾನದ ಮಾತು ಎಂದು ಎಲ್ಲರಿಗೂ ಅರ್ಥವಾಯಿತು. ಕೋಳಿಗೂ.

ಈಗ ಆ ದಾರಿಯ ಮೇಲೆ ಟಾರು ಬಿದ್ದು ಮಿನಿಬಸ್ಸು ಓಡುತ್ತದೆ. ಇಕ್ಕಟ್ಟಿಲ್ಲದ್ದರಿಂದ ಯಾರೂ ಯಾರಿಗೂ ಜರುಗಬೇಕಾಗಿಲ್ಲ, ಹಾರನ್ ಸಾಕು. ಹೊರೆಗಲ್ಲು ಯಾರದೋ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ. ರಸ್ತೆಯಂಚಿನಲ್ಲಿ ಹಸಿರು ಸೊಪ್ಪಿಟ್ಟರೆ ಹಟ್ಟಿಯ ಮಕ್ಕಳು, ಮುಂದೆ ಯಾವುದೋ ಲಾರಿ ಕೆಟ್ಟು ನಿಂತಿದೆ ಎಂದುಕೊಳ್ಳುತ್ತಾರೆ. ಬಸ್ಸಿನಲ್ಲಿ ಕೂತು ಹೋಗುವುದು ನನ್ನ ಮಂಡಿಗೂ ಹಿತವೇ, ಸುಳ್ಳು ಹೇಳಲಾರೆ. ಆದರೂ ಆ ತಿರುವು ಬಂದಾಗ ಕಾಲು ತಾನಾಗಿ ಸೀಟಿನಡಿಗೆ ಸರಿಯುತ್ತದೆ.

ಆ ಬೇಸಿಗೆಯಲ್ಲಿ ಗೌಜಲಕ್ಕಿಯ ಮೊಟ್ಟೆಗಳೆಲ್ಲ ಮರಿಯಾದವು. ಸುಗ್ಗಿ ಮುಗಿದ ಮೇಲೆ ಅತ್ತೆಯ ಮದುವೆ ಆಯಿತು.