ಅಣ್ಣನಿಗೆ ಗಾಡಿ ಜೋಡಿಸಿದ್ದು

ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿಸಿ, ಈ ವಯಸ್ಸಿನಲ್ಲಿ ಸ್ಟೀರಿಂಗ್ ಚಕ್ರ ಯಾಕೆ ಹೊತ್ತು ತಂದಿದ್ದೀರಿ ಎಂದು ಕೇಳಬಹುದಿತ್ತು. ನಾನು ನಿಜ ಹೇಳಿ, ಆ ನಿಜವೇ ಅವರಿಗೆ ಇನ್ನಷ್ಟು ಅನುಮಾನ ಹುಟ್ಟಿಸಬಹುದಿತ್ತು. ವಿಮಾನದಲ್ಲಿ ಪಕ್ಕದ ಸೀಟಿನವರು ನನ್ನ ಕೈಚೀಲದ ಮೇಲೆ, ಅಂದರೆ ಅದರೊಳಗಿನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ಮೇಲೆ, ಖರ್ಜೂರದ ಡಬ್ಬ ಇಡಬಹುದಿತ್ತು. ಮದರ್‌ಬೋರ್ಡಿನ ಕೂದಲೆಳೆಯಂಥ ಪಿನ್ನುಗಳಲ್ಲಿ ಒಂದು ಬಗ್ಗಬಹುದಿತ್ತು, ನಾನು ಅದನ್ನು ನೆಟ್ಟಗೆ ಮಾಡಲು ಹೋಗಿ ನಾಲ್ಕನ್ನು ಮುರಿಯಬಹುದಿತ್ತು. ಮಸ್ಕತ್ತಿನ ಚೌಕ ಪಿನ್ನಿನ ಪ್ಲಗ್ಗು ನಮ್ಮೂರು ಪಾಲಹಳ್ಳಿಯ ದುಂಡು ತೂತಿನ ಸಾಕೆಟ್ಟಿಗೆ ಹೋಗದಿರಬಹುದಿತ್ತು. ಗದ್ದೆಗೆ ತ್ರೀಫೇಸ್ ಬಂದ ಗಳಿಗೆಯಲ್ಲಿ ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೆ ಎದ್ದು, ಮನೆಯ ವೋಲ್ಟೇಜು ಕುಸಿದು ಮತ್ತೆ ಜಿಗಿದು, ಎಲ್ಲವೂ ಒಂದು ಚಿಟಿಕೆ ಹೊಗೆಯಾಗಿ ಹೋಗಬಹುದಿತ್ತು. ಕೆಟ್ಟರೆ ವಾರಂಟಿ ಒಮಾನಿನಲ್ಲಿ, ವಸ್ತು ಪಾಲಹಳ್ಳಿಯಲ್ಲಿ. ಕ್ಯಾಬಿನೆಟ್ಟಿನ ಬೆಚ್ಚಗಿನ ಮೂಲೆ ನೋಡಿ ಇಲಿ ಸಂಸಾರ ಹೂಡಬಹುದಿತ್ತು. ಇವೆಲ್ಲ ಏನೂ ಆಗದೆ, ಎಲ್ಲವೂ ಸರಿಯಾಗಿಯೇ ನಡೆದು, ಅಣ್ಣ ಅದನ್ನೊಂದು ಸಲ ನೋಡಿ, "ಕುಂಟನಿಗೆ ಆಟದ ಸಾಮಾನು ತಂದವ್ನೆ" ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಡಬಹುದಿತ್ತು.

ಕೇಡನ್ನು ಮೊದಲೇ ಯೋಚಿಸಿಟ್ಟರೆ ಅದು ನಾಚಿಕೊಂಡು ಬರುವುದಿಲ್ಲ ಎಂದು ನಂಬಿದವನು ನಾನು. ಆದ್ದರಿಂದ ಎಲ್ಲವನ್ನೂ ಯೋಚಿಸಿದ್ದೆ. ಕೊನೆಯದು ಮಾತ್ರ ಯೋಚಿಸಿದ ಮೇಲೂ ಹೋಗಿರಲಿಲ್ಲ.

ನನಗಿಂತ ಬಹಳ ದೊಡ್ಡವನಾದ ಅಣ್ಣ ಆಯುಷ್ಯವೆಲ್ಲ ಲಾರಿ ಓಡಿಸಿದವನು. ಪಾಂಡವಪುರದ ಕಡೆಯ ಆಲೆಮನೆಗಳ ಬೆಲ್ಲ, ಕೆ.ಆರ್. ಪೇಟೆಯ ತೆಂಗಿನಕಾಯಿ, ಯಾವುದಿದ್ದರೆ ಅದು. ಸಕ್ಕರೆ ಕಾಯಿಲೆಯಿತ್ತು, ಲೆಕ್ಕಕ್ಕಿಟ್ಟಿರಲಿಲ್ಲ. ಚಪ್ಪಲಿಯ ಮೊಳೆ ಚುಚ್ಚಿದ ಗಾಯ ಮಾಯದೆ, ಮೊದಲು ಬಲಗಾಲಿನ ಬೆರಳು ತೆಗೆದರು, ಆಮೇಲೆ ಪಾದ. ಲಾರಿ ಮಾರಾಟವಾಗಿ ಬೇರೊಬ್ಬರ ಪಾಲಾಯಿತು. ಆಸ್ಪತ್ರೆಯಿಂದ ಬಂದವನು ರಸ್ತೆ ಕಡೆಯ ಕೋಣೆಯಿಂದ ಮಂಚವನ್ನು ಒಳಗೆ ಹಾಕಿಸಿಕೊಂಡ. ಕೃತಕ ಪಾದ ಬಟ್ಟೆಯಲ್ಲಿ ಸುತ್ತಿಸಿಕೊಂಡು ಮಂಚದ ಕೆಳಗೆ ಕೂತಿತ್ತು. ಮಸ್ಕತ್ತಿನ ಹಾಲಿನ ಫ್ಯಾಕ್ಟರಿಯೊಂದರ ಸ್ಟೋರ್ಸ್‌ನಲ್ಲಿ ಡಬ್ಬ ಎಣಿಸುತ್ತಿದ್ದ ನಾನು ಫೋನ್ ಮಾಡಿದರೆ ಮಾತು ಇಷ್ಟೇ:

"ಉಂಡಾ ಅಣ್ಣ?"

"ಉಂಡೆ."

"ಸಕ್ರೆ ನೋಡಿಸ್ದಾ?"

"ನೋಡುಸ್ದೆ. ಮಡಗ್ಲಾ?"

ಫೋನು ಮಡಗಿಬಿಡುತ್ತಿದ್ದ. ಅತ್ತಿಗೆ ಆಮೇಲೆ ಬೇರೆಯಾಗಿ ಫೋನ್ ಮಾಡಿ, "ಸುಳ್ಳು ಕಣಪ್ಪ, ಉಂಡಿಲ್ಲ" ಎನ್ನುತ್ತಿದ್ದರು.

ಮಸ್ಕತ್ತಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಒಬ್ಬ ಎಲೆಕ್ಟ್ರಿಶಿಯನ್ ಇದ್ದ. ರಜೆಯ ದಿನ ಕಂಪ್ಯೂಟರಿಗೆ ಸ್ಟೀರಿಂಗ್ ಸಿಕ್ಕಿಸಿಕೊಂಡು ಟ್ರಕ್ಕು ಓಡಿಸುವ ಆಟ ಆಡುತ್ತಿದ್ದ. ಅವನು ಉದ್ದನೆಯ ಟ್ರೈಲರೊಂದನ್ನು ಗೋದಾಮಿಗೆ ಹಿಂದಕ್ಕೆ ತರುತ್ತಿದ್ದುದನ್ನು ಫೋನಿನಲ್ಲಿ ಹಿಡಿದು, ಮಾತಿಗೊಂದು ನೆಪವಾಗಲಿ ಎಂದು ಅಣ್ಣನಿಗೆ ಕಳಿಸಿದೆ. ಕಳಿಸಿದ ಮೇಲೆ ಹೊಳೆಯಿತು. ಲಾರಿ ಕಳಕೊಂಡವನಿಗೆ ಲಾರಿಯ ಚಿತ್ರ ಕಳಿಸುವ ಬುದ್ಧಿವಂತ ಯಾರಿದ್ದಾನೆ? ಅಳಿಸಿಬಿಡೋಣ ಎಂದು ನೋಡುವಷ್ಟರಲ್ಲಿ ಅಣ್ಣನೇ ಫೋನ್ ಮಾಡಿದ. ಕಾಲು ಹೋದ ಮೇಲೆ ಅವನಾಗಿ ಮಾಡಿದ ಮೊದಲ ಫೋನು ಅದು.

"ಯಾವನ್ಲಾ ಅವ್ನು ಡ್ರೈವರ್ರು?"

"ಡ್ರೈವರ್ ಅಲ್ಲ ಕಣಣ್ಣ, ಗೇಮು ಅದು. ಕಂಪ್ಯೂಟರ್‌ನಲ್ಲಿ ಆಡೋದು."

"ಗೇಮೋ ಗೀಮೋ. ಟ್ರೈಲರ್ನ ರಿವರ್ಸ್ ತಗಳುವಾಗ ಸ್ಟೇರಿಂಗು ಉಲ್ಟಾ ತಿರುಗುಸ್ಬೇಕು ಅಂತ ಗೊತ್ತಿಲ್ವಲ್ಲ ಬಡ್ಡಿಮಗನಿಗೆ! ಯಾವನ್ಲಾ ಲೈಸೆನ್ಸ್ ಕೊಟ್ಟೋನು?" ಆಮೇಲೆ ದನಿ ತಗ್ಗಿಸಿ, "ಆ ಸ್ಟೇರಿಂಗು ನಿಜವಾಗ್ಲೂ ತಿರುಗ್ತದಾ?" ಎಂದ.

ಅಲ್ಲಿಂದ ನನ್ನ ನಿದ್ದೆ ಹೋಯಿತು.

ಹೀಗೆ, ಈಮೇಲ್ ತೆರೆಯಲೂ ಕನ್ನಡಕ ಹುಡುಕುವ ನಾನು, ಗೇಮಿಂಗ್ ಕಂಪ್ಯೂಟರಿನ ಬಿಡಿಭಾಗ ಆರಿಸಲು ಹೊರಟೆ. ಎಲೆಕ್ಟ್ರಿಶಿಯನ್ ಜೊತೆಗೆ ಬಂದ. ಅಂಗಡಿಯ ತುಂಬ ನನ್ನ ಅರ್ಧ ವಯಸ್ಸಿನವರು. ಅಂಗಡಿಯವನು ಹಿಂದಿಯಲ್ಲಿ, "ಮಗನಿಗಾ?" ಎಂದ. ಅಲ್ಲ, ಅಣ್ಣನಿಗೆ ಎಂದೆ. ಅವನು ನನ್ನ ನೆರೆಗೂದಲು ನೋಡಿ, ಅಣ್ಣನ ವಯಸ್ಸು ಅಂದಾಜು ಮಾಡಿ, ಇನ್ನೇನೂ ಕೇಳದೆ ಕುರ್ಚಿ ತಂದುಕೊಟ್ಟ.

ಒಂದೊಂದು ಭಾಗಕ್ಕೂ ಅಣ್ಣನಿಗೆ ಫೋನ್ ಮಾಡಲೇಬೇಕಿತ್ತು. ಕೇಳದೆ ತಂದರೆ ಅದು ನಾನು ಕೊಟ್ಟ ಆಟದ ಸಾಮಾನು. ಕೇಳಿ ತಂದರೆ ಅವನ ಗಾಡಿ. ಆದರೆ ವಿವರಿಸುವುದು ಹೇಗೆ?

"ಮದರ್‌ಬೋರ್ಡ್ ಅಂತಾರಣ್ಣ. ಅದರ ಮೇಲೇ ಮಿಕ್ಕಿದ್ದೆಲ್ಲ ಕೂರೋದು."

"ಚಾಸಿ ಅನ್ನು."

ಹೊಳೆದೇ ಇರಲಿಲ್ಲ. ಲಾರಿಯವರು ಇಡೀ ಲಾರಿ ಕೊಳ್ಳುವುದಿಲ್ಲ. ಕಂಪನಿಯಿಂದ ಬರುವುದು ಬರೀ ಅಡಿಯ ಚೌಕಟ್ಟು ಅಂದರೆ ಚಾಸಿ, ಇಂಜಿನ್ನು, ಚಕ್ರ. ಮರದ ಬಾಡಿ ಕಟ್ಟಿಸುವುದು, ಕ್ಯಾಬಿನ್ ಮಾಡಿಸುವುದು, ಬಣ್ಣ ಹೊಡೆಸುವುದು ಎಲ್ಲ ಆಮೇಲೆ, ಬೇರೆ ಕಡೆ, ತನಗೆ ಬೇಕಾದಂತೆ. ಬಿಡಿಯಾಗಿ ಕೊಂಡು ಜೋಡಿಸುವುದು ನನಗೆ ಹುಚ್ಚಾಟ, ಅವನಿಗೆ ದಿನನಿತ್ಯದ ಮಾತು. ಪ್ರೊಸೆಸರ್ ಇಂಜಿನ್ ಆಯಿತು, ಪವರ್ ಸಪ್ಲೈ ಬ್ಯಾಟರಿಯಾಯಿತು, ಫ್ಯಾನು ರೇಡಿಯೇಟರ್ ಆಯಿತು. ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಲಾರಿಯಲ್ಲಿ ಏನೂ ಸಿಗದೆ ಇಬ್ಬರೂ ಒದ್ದಾಡಿದೆವು.

"ಅದು ರಸ್ತೆ ತೋರಿಸೋದಣ್ಣ. ಗುಡ್ಡ, ಮರ, ಮಳೆ..."

"ಮುಂದ್ಗಡೆ ಗಾಜು ಅನ್ನಪ್ಪ. ಅದ್ರಾಗೆ ಮಾತ್ರ ಕಮ್ಮಿದು ತಕಾಬೇಡ. ಗಾಜು ಮಂಕಾದ್ರೆ ನಾನು ಗಾಡಿ ಮುಟ್ಟಕಿಲ್ಲ."

ಅವನ ಸಲಹೆಗಳೆಲ್ಲ ಸರಿಯಿದ್ದವು ಎಂದೇನಲ್ಲ. ಮೆಮೊರಿಯನ್ನು ಲೋಡು ಹೇರುವ ಜಾಗ ಎಂದುಕೊಂಡು, "ಎಷ್ಟ್ ಟನ್ನು?" ಎಂದು ಪಟ್ಟು ಹಿಡಿದ. ಡಿಸ್ಕು ಒಂದು ಸಾಕಾಗದು, ಸ್ಟೆಪ್ನಿ ಇರಲಿ ಎಂದ. ನಾನಂತೂ ಪವರ್ ಸಪ್ಲೈ ಬೇಕಾದ್ದಕ್ಕಿಂತ ಎರಡು ಸುತ್ತು ದೊಡ್ಡದು ಆರಿಸಿದ್ದೆ; ಎಲೆಕ್ಟ್ರಿಶಿಯನ್ ಕೈಯಿಂದ ಕಿತ್ತುಕೊಂಡು, "ಅಣ್ಣನಿಗೆ ಲಾರಿಯೋ, ಬೋರ್‌ವೆಲ್ಲೋ?" ಎಂದು ವಾಪಸ್ಸಿಟ್ಟ. ಅಂಗಡಿಯಲ್ಲಿ ಕಂಡ ಕಂಡ ಭಾಗವೆಲ್ಲ ಬಣ್ಣ ಬದಲಿಸಿ ಮಿನುಗುತ್ತಿತ್ತು. ಮನೆಗೆ ಬಂದವರು ನಕ್ಕಾರು ಎಂದು ಹೆದರಿ, ಮಿನುಗದ ಫ್ಯಾನು ಹುಡುಕಿ ಹುಡುಕಿ ಸೋತು ಫೋನ್ ಮಾಡಿದರೆ, ಅಣ್ಣ ಬೈದ.

"ಲೈಟಿಲ್ದೆ ಇದ್ರೆ ಅದು ಗಾಡಿ ಏನ್ಲಾ? ಅಸ್ರು, ಕೆಂಪು, ನೀಲಿ, ಎಲ್ಲಾ ಆಕ್ಸು. ನಕ್ಕೋರು ನಗ್ಲಿ, ನಿನ್ಗೇನ್ಲಾ?"

ಉಳಿದದ್ದು ಪೆಡಲು. ಇದನ್ನು ಕೇಳಲು ನಾನು ದಿನಗಟ್ಟಲೆ ಹಿಂಜರಿದೆ. ಸ್ಟೀರಿಂಗ್ ಜೊತೆಗೆ ಬರುವ ಪೆಡಲುಗಳಲ್ಲಿ ಎರಡು ಬಗೆ: ಕ್ಲಚ್ ಇರುವುದು, ಕ್ಲಚ್ ಇಲ್ಲದ್ದು. ಕ್ಲಚ್ ಇಲ್ಲದಿದ್ದರೆ ಆಟವೇ ಅದನ್ನು ನೋಡಿಕೊಳ್ಳುತ್ತದೆ, ಡ್ರೈವರು ಗೇರು ಮಾತ್ರ ಬದಲಿಸಿದರೆ ಸಾಕು. ಮೂರು ಪೆಡಲಿನದು ತಂದರೆ ಅವನ ಕಾಲನ್ನು ಮರೆತಂತೆ; ಎರಡರದು ತಂದರೆ ಮರೆಯದೆ ಎತ್ತಿ ತೋರಿಸಿದಂತೆ. ನನ್ನ ತಲೆಯಲ್ಲಿ ಎರಡೂ ಅವಮಾನವೇ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಅಣ್ಣ, ಈ ಪೆಡಲಿನ ವಿಷಯ... ಅಂದರೆ ಈಗ ಕ್ಲಚ್ ಅನ್ನೋದು..." ಎಂದು ಎಳೆಯುತ್ತಿದ್ದೆ.

"ಏನ್ಲಾ ನಂಟ್ರ ಮನೇಲಿ ಸಾಲ ಕೇಳೋನಂಗೆ ಆಡ್ತೀಯಾ? ಎಲ್ಡು ಸಾಕು. ಒಂದ್ ಕಾಲ್ನೋನಿಗೆ ಎಲ್ಡೇ ಜಾಸ್ತಿ." ನಕ್ಕ. ಅವನು ನಕ್ಕದ್ದು ಕೇಳಿ ಎಷ್ಟು ಕಾಲವಾಗಿತ್ತೋ, ಅಂಗಡಿಯ ನಡುವೆ ನಿಂತು ನಾನೂ ನಕ್ಕೆ. ಅಂಗಡಿಯವನು ಮತ್ತೆ ಕುರ್ಚಿ ತಂದ.

ಆ ವಾರ ಅತ್ತಿಗೆ ಫೋನ್ ಮಾಡಿ, "ನಿಮ್ಮಣ್ಣ ಗಡ್ಡ ಕೆರ್ಕಂಡ್ರು ಕಣಪ್ಪ. ನಾನೇನೂ ಯೋಳಿರ್ಲಿಲ್ಲ" ಎಂದರು. ನನಗೆ ಸಂತೋಷಕ್ಕಿಂತ ಹೆದರಿಕೆ ಹೆಚ್ಚಾಯಿತು. ಇಷ್ಟು ಆಸೆ ಹುಟ್ಟಿಸಿ ಆ ಪೆಟ್ಟಿಗೆ ಕೈಕೊಟ್ಟರೆ? ಈ ಸಲ ಮಂಚವನ್ನು ಇನ್ನೂ ಒಳಕ್ಕೆ ಹಾಕಿಸಿಕೊಳ್ಳಲು ಮನೆಯಲ್ಲಿ ಜಾಗವಿರಲಿಲ್ಲ.

ರಜೆ ಸಿಕ್ಕಿತು. ಎಲೆಕ್ಟ್ರಿಶಿಯನ್ ತನ್ನ ಕೋಣೆಯಲ್ಲೇ ಎಲ್ಲ ಒಮ್ಮೆ ಜೋಡಿಸಿ, ಆಟ ತುಂಬಿಸಿ, ಓಡಿಸಿ ನೋಡಿ, ಮತ್ತೆ ಬಿಚ್ಚಿ ನನ್ನ ಬನಿಯನ್ನುಗಳಲ್ಲಿ ಸುತ್ತಿಕೊಟ್ಟ. ಕಸ್ಟಮ್ಸ್‌ನವರು ನನ್ನ ಕಡೆ ನೋಡಲೇ ಇಲ್ಲ. ದಾರಿಯಲ್ಲಿ ಮೊದಲೇ ಹೇಳಿಟ್ಟಿದ್ದಂತೆ ಮೈಸೂರಿನಿಂದ ಗಾಜಿನ ಕ್ಯಾಬಿನೆಟ್ಟು, ಮಾನಿಟರು, ಯುಪಿಎಸ್ಸು ತೆಗೆದುಕೊಂಡು ಪಾಲಹಳ್ಳಿಗೆ ಬಂದೆ.

ಅಣ್ಣ ಮಂಚದ ಮೇಲೆ ಎದ್ದು ಕೂತಿದ್ದ, ಇಸ್ತ್ರಿ ಅಂಗಿ ಹಾಕಿಕೊಂಡು. "ಬಂದ್ಯೇನ್ಲಾ" ಎಂದನೇ ಹೊರತು ಪೆಟ್ಟಿಗೆಗಳ ಕಡೆ ತಿರುಗಲಿಲ್ಲ.

ಟಿ.ವಿ. ಇಟ್ಟಿದ್ದ ಮೇಜನ್ನು ಖಾಲಿ ಮಾಡಿ ಜೋಡಿಸಲು ಕೂತೆ. ಒಂದೊಂದು ಬಗೆಯ ಸ್ಕ್ರೂ ಬೆರೆಯದಿರಲೆಂದು ಅತ್ತಿಗೆ ಇಡ್ಲಿ ತಟ್ಟೆ ತಂದುಕೊಟ್ಟರು, ಒಂದು ಬಗೆ ಒಂದು ಗುಳಿಗೆ. ಟಾರ್ಚ್ ಹಿಡಿದು ನಿಂತು, "ನಾಗ್‌ಮಂಗಲ್ದಾಗೆ ನಮ್ಮಪ್ಪ ಹೊಲಿಗೆ ಮಿಷನ್ನು ಬಿಚ್ಚುದ್ರೆ ಕೊನೇಗೆ ಎಲ್ಡು ಸ್ಕ್ರೂ ಮಿಕ್ತಿದ್ವು. ನಿಮ್ದು ಎಷ್ಟ್ ಮಿಗ್ತವೋ" ಎಂದರು. ನನ್ನ ಬೆವರು ಮದರ್‌ಬೋರ್ಡಿಗೆ ಬೀಳದಂತೆ ಹಣೆಗೆ ಟವೆಲ್ಲು ಕಟ್ಟಿದರು. ಅಣ್ಣ ಅತ್ತ ತಿರುಗಿಯೇ ಕೂತಿದ್ದ, ಆದರೆ ನಾನು ಸ್ಕ್ರೂ ಬಿಗಿಯುವಾಗೆಲ್ಲ, "ಒಂದೇ ಕಡೆ ಬಿಗೀಬೇಡ. ಎದುರುಬದುರು ಬಿಗಿ, ಚಕ್ರದ ನಟ್ಟು ಬಿಗ್ದಂಗೆ" ಎಂಬ ಮಾತು ಗೋಡೆಯ ಕಡೆಯಿಂದ ಬರುತ್ತಿತ್ತು. ಸ್ಕ್ರೂ ಒಂದೂ ಮಿಗಲಿಲ್ಲ. ಅತ್ತಿಗೆಗೆ ನಿರಾಸೆಯಾಯಿತು.

ಗುಂಡಿ ಒತ್ತಿದೆ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಬೆಂಕಿಯಲ್ಲ, ದೀಪ: ಹಸಿರು, ಕೆಂಪು, ನೀಲಿ. ಒಂದೇ ಸಲಕ್ಕೆ ಕೆಲಸ ಆಗಿಬಿಡುವುದು ನನ್ನಂಥವನಿಗೆ ದೊಡ್ಡ ಗಾಬರಿ. ಇನ್ನು ಕಾಯಲು ಏನೂ ಉಳಿಯುವುದಿಲ್ಲ. ಪರದೆಯ ಮೇಲೆ ಟ್ರಕ್ಕಿನ ಒಳಗಿನಿಂದ ಕಾಣುವ ರಸ್ತೆ ಬಂತು. ಗಾಜು ಮಂಕಾಗಿರಲಿಲ್ಲ.

"ಅಣ್ಣ, ಬಾ" ಎಂದೆ. ಅವನು ಬರಲಿಲ್ಲ.

ಹೆಗಲು ಕೊಡಲು ಹತ್ತಿರ ಹೋದೆ. ಕೈ ತಳ್ಳಿದ. ಹೆಂಡತಿಯ ಕಡೆ ನೋಡಿ, "ಅದ್ನ ತಕ್ಕೊಡಮ್ಮಿ" ಎಂದ. ಅತ್ತಿಗೆ ಬಗ್ಗಿ ಮಂಚದ ಕೆಳಗಿನ ಗಂಟು ಎಳೆದು, ಬಟ್ಟೆ ಬಿಚ್ಚಿ, ಪಾದ ಕೈಗೆ ಕೊಟ್ಟರು. ಅವನೇ ತೊಟ್ಟು, ಪಟ್ಟಿ ಬಿಗಿದು, ಗೋಡೆ ಹಿಡಿದು ಎದ್ದು, ಮೇಜಿನವರೆಗೆ ನಡೆದು ಬಂದ. ಗಾಡಿ ಹತ್ತುವವನು ಮಂಚದಿಂದ ಹತ್ತಲಾರ ಎಂಬುದು ನನ್ನ ಯೋಚನೆಯ ಯಾವ ಮೂಲೆಯಲ್ಲೂ ಇರಲಿಲ್ಲ.

ಕೂತು, ಸ್ಟೀರಿಂಗನ್ನು ಅಂಗೈಯಿಂದ ಒಮ್ಮೆ ಒರೆಸಿ, ಮುಟ್ಟಿದ ಕೈ ಕಣ್ಣಿಗೊತ್ತಿಕೊಂಡ. ಎಡಗಾಲು ಪೆಡಲಿನ ಮೇಲೆ ಹೋಯಿತು. ಟ್ರಕ್ಕು ಹೊರಟಿತು. ಊರು ದಾಟಿತು, ಗುಡ್ಡ ಹತ್ತಿತು, ಮಳೆ ಬಂತು. ಗುಡ್ಡ ಹತ್ತುವಾಗ ಅಣ್ಣನ ಗಂಟಲಿನಿಂದ ಗುರ್ ಎಂದು ಒಂದು ಸದ್ದು ಹೊರಟು, ಏರುತ್ತಾ ಏರುತ್ತಾ ಹೋಗಿ, ಗೇರು ಬದಲಿಸಿದಾಗ ಇಳಿದು, ಮತ್ತೆ ಏರಿತು. ಮಗುವಿನಂತೆ ಮೈಮರೆತಿದ್ದಾನೆ ಎಂದುಕೊಂಡು ನನ್ನ ಕಣ್ಣು ಒದ್ದೆಯಾಯಿತು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು, "ಯಾಕ್ರೀ ಅಂಗಾಡ್ತೀರಿ, ಯಾರಾರ ಕೇಳುಸ್ಕಂಡ್ರೆ?" ಎಂದರು.

ಅಣ್ಣ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಇನ್ನೇನ್ ಮಾಡ್ಲಿ? ನಿನ್ ಮೈದ ಗಾಡಿ ತಂದವ್ನೆ, ಗಾಡಿ ದನಿ ತಂದಿಲ್ಲ. ಇಂಜಿನ್ನು ಕೇಳುಸ್ದೆ ಗೇರು ಯಾವಾಗ ಬದ್ಲಾಯ್ಸದು, ತಲೇಲಿ ಲೆಕ್ಕ ಮಡಿಕಂಡಾ?"

ಎಲೆಕ್ಟ್ರಿಶಿಯನ್ ಓಡಿಸಿ ನೋಡಿದ್ದು ತನ್ನ ಹೆಡ್‌ಫೋನು ಹಾಕಿಕೊಂಡು. ನಾನು ಸ್ಪೀಕರು ಮರೆತಿದ್ದೆ.